ಅಲ್ಪವ್ಯಯದ ವಿಮಾನಸಂಸ್ಥೆಗಳೂ ಅವುಗಳ ಅಂಗಸಂಸ್ಥೆಗಳೂ: ಬೆಳಗಾವಿ ಪ್ರಾಂತವನ್ನು ಕುರಿತ ಒಂದು ವಿಚಾರ

೧

ಹೊಸ ಪದಾರ್ಥಕ್ಕೆ ಹೆಸರಿಡುವಾಗ ಅರ್ಥವಿವೇಕವು ತಪ್ಪಿತೆಂದರೆ, ಆ ಹೆಸರನ್ನು ನಂಬಿ ನಡೆಯುವ ವ್ಯವಹಾರವೂ ತಪ್ಪುವುದುಂಟು. ವಿಮಾನಯಾನದ ವಿಷಯದಲ್ಲಿ ಈಗ ಕನ್ನಡದಲ್ಲಿ ಎರಡು ಮಾತುಗಳು ರೂಢಿಗೆ ಬಂದಿವೆ. ‘ಅಗ್ಗದ ದರದ ವಿಮಾನಸಂಸ್ಥೆ’ ಎಂಬುದೊಂದು. ‘ಅಂಗಸಂಸ್ಥೆ’ ಎಂಬುದು ಮತ್ತೊಂದು. ಇವುಗಳಲ್ಲಿ ಮೊದಲನೆಯದು ಅರ್ಥವನ್ನು ಅರ್ಧ ಮರೆಸುತ್ತದೆ. ಎರಡನೆಯದಾದರೋ, ಅದನ್ನು ಬಳಸುವವರು ತಿಳಿದಿರುವುದಕ್ಕಿಂತ ಹೆಚ್ಚಿನ ಅರ್ಥವನ್ನು ಒಳಗೊಂಡಿದೆ.

ಇಂಗ್ಲಿಷಿನ ಮೂಲಶಬ್ದವು ಹೇಳುವುದು ಸಂಸ್ಥೆಗೆ ತಗಲುವ ವೆಚ್ಚವನ್ನು; ಪ್ರಯಾಣಿಕನು ತೆರುವ ಬೆಲೆಯನ್ನಲ್ಲ. ವೆಚ್ಚವು ಕಾರಣ, ಬೆಲೆಯು ಕಾರ್ಯ. ವೆಚ್ಚ ಕಡಿಮೆಯಾದ್ದರಿಂದ ಬೆಲೆ ಕಡಿಮೆಯಾಗಬಹುದು. ಹಾಗಲ್ಲದೆ, ವೆಚ್ಚವು ಹೆಚ್ಚಾಗಿಯೇ ಇದ್ದು, ಉಳಿದ ಹಣವನ್ನು ಬೇರೊಬ್ಬರು ತುಂಬಿಕೊಡುವುದರಿಂದಲೂ ಬೆಲೆ ಕಡಿಮೆಯಾಗಬಹುದು. ಟಿಕೀಟು ಕೊಳ್ಳುವವನಿಗೆ ಎರಡೂ ಒಂದೇ ಆಗಿ ತೋರುತ್ತವೆ. ಆದರೆ ಒಂದು ಊರಿನ ಭವಿಷ್ಯವನ್ನು ಆಲೋಚಿಸುವವನಿಗೆ ಇವೆರಡೂ ಬೇರೆ ಬೇರೆ. ಆದಕಾರಣ ಈ ಲೇಖನದಲ್ಲಿ ‘ಅಲ್ಪವ್ಯಯ’ ಎಂಬ ಮಾತನ್ನು ಮೊದಲನೆಯದಕ್ಕೆ ಮಾತ್ರ ಬಳಸಲಾಗಿದೆ.

‘ಅಂಗ’ ಎಂಬುದು ಮೀಮಾಂಸಕರ ಪರಿಭಾಷೆ. ಯಾವುದು ತನಗಾಗಿ ಇರದೆ ಪರಾರ್ಥವಾಗಿ ಇರುತ್ತದೆಯೋ ಅದು ಅಂಗ ಅಥವಾ ಶೇಷ. ಯಾವುದಕ್ಕಾಗಿ ಇರುತ್ತದೆಯೋ ಅದು ಅಂಗಿ ಅಥವಾ ಶೇಷಿ. ಜೈಮಿನಿಯ ಸೂತ್ರಗಳ ಮೂರನೆಯ ಅಧ್ಯಾಯವೆಲ್ಲವೂ ಈ ಸಂಬಂಧದ ನಿರ್ಣಯಕ್ಕೆ ಮೀಸಲಾಗಿದೆ. ದೊಡ್ಡ ವಿಮಾನಸಂಸ್ಥೆಯೊಂದು ತನ್ನ ಒಡೆತನದಲ್ಲಿ ಇನ್ನೊಂದು ಹೆಸರಿನ ಸಣ್ಣ ಸಂಸ್ಥೆಯನ್ನು ನಡೆಸಿದಾಗ ಅದನ್ನು ‘ಅಂಗಸಂಸ್ಥೆ’ ಎಂದು ಕರೆದವರು, ಅರಿತೋ ಅರಿಯದೆಯೋ, ಬಹಳ ಸರಿಯಾದ ಶಬ್ದವನ್ನೇ ಆರಿಸಿದ್ದಾರೆ.

ಈಗ ವಿಚಾರಿಸಬೇಕಾದ ಪ್ರಶ್ನೆಯು ಇದು: ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಕಡಿಮೆ ದರದಲ್ಲಿ ಹಾರುವ ವಿಮಾನವು ಯಾರಿಗೋಸ್ಕರ ಹಾರುತ್ತದೆ? ಊರಿಗೋಸ್ಕರವೇ, ಸಂಸ್ಥೆಗೋಸ್ಕರವೇ, ಅಥವಾ ಸರಕಾರದ ಯೋಜನೆಗೋಸ್ಕರವೇ? ಇದನ್ನು ನಿರ್ಣಯಿಸುವುದಕ್ಕೆ ಮೊದಲು ಈ ವ್ಯವಹಾರವು ಹುಟ್ಟಿ ಬೆಳೆದ ಕಡೆಯಲ್ಲಿ ಅದರ ಸ್ವರೂಪವೇನೆಂಬುದನ್ನು ನೋಡತಕ್ಕದ್ದು.

೨

ಈ ವ್ಯವಹಾರದ ಪ್ರಕೃತಿ, ಎಂದರೆ ಉಳಿದವು ಅನುಸರಿಸುವ ಮೂಲಮಾದರಿಯು, ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ೧೯೭೧ರಲ್ಲಿ ಹಾರಾಟವನ್ನಾರಂಭಿಸಿದ ಸೌತ್‌ವೆಸ್ಟ್ ಸಂಸ್ಥೆ. ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ಎಂಬ ಮೂರು ಪಟ್ಟಣಗಳ ನಡುವೆ ಅದು ಹಾರುತ್ತಿತ್ತು. ಮರುವರ್ಷ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಗಿ ಬಂದಾಗ, ಮೂರರಿಂದಲೇ ನಾಲ್ಕರ ಕೆಲಸ ಮಾಡಿಸುವುದಕ್ಕಾಗಿ, ಬಂದಿಳಿದ ವಿಮಾನವನ್ನು ಹತ್ತು ನಿಮಿಷದೊಳಗೆ ಮತ್ತೆ ಹೊರಡಿಸುವ ಪದ್ಧತಿಯನ್ನು ಅಲ್ಲಿಯವರು ರೂಢಿಸಿದರು. ಅಲ್ಪವ್ಯಯದ ರಹಸ್ಯವು ಬಹುಮಟ್ಟಿಗೆ ಇಷ್ಟರಲ್ಲಿಯೇ ಅಡಗಿದೆ.

ದೃಷ್ಟಾಂತಕ್ಕಾಗಿ ಒಂದು ಲೆಕ್ಕವನ್ನು ಹಿಡಿಯೋಣ. ವಿಮಾನದ ಬಾಡಿಗೆ ಮೊದಲಾದ ಸ್ಥಿರವೆಚ್ಚವು ದಿನಕ್ಕೆ ೬ ಲಕ್ಷ ರೂಪಾಯಿಯೆಂದೂ, ಆಸನಗಳು ೧೫೦ ಎಂದೂ ಇಟ್ಟುಕೊಂಡರೆ, ದಿನಕ್ಕೆ ನಾಲ್ಕು ಸಾರಿ ಹಾರಿದಾಗ ಒಂದೊಂದು ಆಸನದ ಪಾಲಿಗೆ ಬೀಳುವುದು ೧೦೦೦ ರೂಪಾಯಿ. ಆರು ಸಾರಿ ಹಾರಿದರೆ ಅದೇ ಪಾಲು ಸುಮಾರು ೬೬೭ ರೂಪಾಯಿಗೆ ಇಳಿಯುತ್ತದೆ. ಮೇಲ್ದರ್ಜೆಯ ವಿಶಾಲವಾದ ಆಸನಗಳನ್ನು ತೆಗೆದು ೧೮೦ ಆಸನಗಳನ್ನು ಹೊಂದಿಸಿದರೆ ಸುಮಾರು ೫೫೬ಕ್ಕೆ ಬರುತ್ತದೆ. ವಿಮಾನವು ನೆಲದ ಮೇಲೆ ನಿಂತಿರುವಷ್ಟು ಹೊತ್ತೂ ನಷ್ಟ. ಖಾಲಿಯಾಗಿ ಹಾರುವ ಆಸನವೂ ನಷ್ಟ. ಉಳಿದ ನಿಯಮಗಳೆಲ್ಲ ಇವೆರಡರ ಪರಿವಾರಗಳೇ. ಒಂದೇ ಜಾತಿಯ ವಿಮಾನಗಳನ್ನು ಇಟ್ಟುಕೊಂಡರೆ ಚಾಲಕರ ಶಿಕ್ಷಣಕ್ಕೂ ಬಿಡಿಭಾಗಗಳಿಗೂ ತಗಲುವ ಖರ್ಚು ಕಡಿಮೆ. ಊಟ ಉಪಚಾರಗಳನ್ನೂ ಗಂಟುಮೂಟೆಯ ಸಾಗಣೆಯನ್ನೂ ಬೇರೆ ಬೆಲೆಗೆ ಮಾರಿದರೆ ಮೂಲದರವು ಇಳಿಯುತ್ತದೆ. ಮಧ್ಯವರ್ತಿಗಳನ್ನು ಬಿಟ್ಟು ಟಿಕೀಟುಗಳನ್ನು ತಾವೇ ಮಾರಿದರೆ ದಲಾಲಿಯು ಉಳಿಯುತ್ತದೆ. ಮಹಾನಗರದ ದುಬಾರಿ ನಿಲ್ದಾಣವನ್ನು ಬಿಟ್ಟು ದೂರದ ಸಣ್ಣ ನಿಲ್ದಾಣದಲ್ಲಿ ಇಳಿಸಿದರೆ ಬಾಡಿಗೆಯೂ ಕಡಿಮೆ, ಕಾಯುವ ಹೊತ್ತೂ ಕಡಿಮೆ.

ಯುರೋಪಿನಲ್ಲಿ ಬಹುಕಾಲದವರೆಗೆ ಯಾವ ದೇಶದ ವಿಮಾನವು ಎಲ್ಲಿಗೆ, ಯಾವ ದರದಲ್ಲಿ ಹಾರಬೇಕೆಂಬುದನ್ನು ಸರಕಾರಗಳು ತಮ್ಮತಮ್ಮೊಳಗಿನ ಒಡಂಬಡಿಕೆಗಳಿಂದ ಗೊತ್ತುಮಾಡುತ್ತಿದ್ದವು. ೧೯೯೩ರ ಜನವರಿಯಿಂದ ಈ ಕಟ್ಟುಗಳು ಸಡಿಲವಾಗಿ, ೧೯೯೭ರ ಏಪ್ರಿಲ್‌ನಿಂದ ಒಕ್ಕೂಟದ ಯಾವುದೇ ದೇಶದ ಸಂಸ್ಥೆಯು ಇನ್ನೊಂದು ದೇಶದ ಒಳಗೂ ಹಾರಾಟ ನಡೆಸುವ ಹಕ್ಕು ಪೂರ್ಣವಾಯಿತು. ೧೯೮೫ರಲ್ಲಿ ಐರ್ಲೆಂಡಿನ ವಾಟರ್‌ಫರ್ಡ್‌ನಿಂದ ಲಂಡನ್ನಿಗೆ ೧೫ ಆಸನಗಳ ವಿಮಾನದೊಡನೆ ಹೊರಟ ರಯನ್‌ಏರ್ ಸಂಸ್ಥೆಯು, ನಷ್ಟವನ್ನುಂಡು, ೧೯೯೦ರ ದಶಕದ ಆದಿಯಲ್ಲಿ ಸೌತ್‌ವೆಸ್ಟ್‌ನ ಪದ್ಧತಿಯನ್ನು ಅಂಗೀಕರಿಸಿತು. ೧೯೯೫ರ ನವೆಂಬರಿನಲ್ಲಿ ಈಸಿಜೆಟ್ ಸಂಸ್ಥೆಯು ಲಂಡನ್ನಿಗೆ ಸಮೀಪದ ಲೂಟನ್ನಿನಿಂದ ಸ್ಕಾಟ್ಲೆಂಡಿಗೆ ಹಾರತೊಡಗಿತು.

ಮೀಮಾಂಸಾಶಾಸ್ತ್ರದಲ್ಲಿ ಪ್ರಕೃತಿಯ ಕ್ರಮವು ವಿಕೃತಿಗೆ ಸಾಗಿಬರುವುದನ್ನು ಅತಿದೇಶವೆನ್ನುತ್ತಾರೆ. ಆದರೆ ಎಲ್ಲವೂ ಇದ್ದಂತೆಯೇ ಸಾಗಿಬರುವುದಿಲ್ಲ. ಬತ್ತದ ಬದಲು ಚಿನ್ನದ ಕೃಷ್ಣಲಗಳನ್ನು ಬೇಯಿಸುವ ಕರ್ಮದಲ್ಲಿ ಕುಟ್ಟುವ ಕೆಲಸವು ಬಿದ್ದುಹೋಗುತ್ತದೆ, ಚಿನ್ನಕ್ಕೆ ಹೊಟ್ಟು ಇಲ್ಲವಷ್ಟೆ, ಇದು ಬಾಧ. ಅಗ್ನಿಯ ಸ್ಥಾನದಲ್ಲಿ ಸೂರ್ಯನು ಬಂದರೆ ಮಂತ್ರದಲ್ಲಿ ಹೆಸರು ಬದಲಾಗುತ್ತದೆ, ಇದು ಊಹ. ಟೆಕ್ಸಾಸಿನ ಕ್ರಮವು ಬೇರೆ ದೇಶಗಳಿಗೆ ಸಾಗಿಬಂದಾಗಲೂ ಏನು ಉಳಿಯಿತು, ಏನು ಬಿದ್ದಿತು, ಏನು ಬದಲಾಯಿತು ಎಂಬುದನ್ನು ಹೀಗೆಯೇ ವಿಂಗಡಿಸಿ ನೋಡಬೇಕು.

೩

ಅಲ್ಪವ್ಯಯದ ಹೊಸಬರು ಗೆಲ್ಲುವುದನ್ನು ಕಂಡ ಹಳೆಯ ದೊಡ್ಡ ಸಂಸ್ಥೆಗಳು ತಾವೂ ಅಂಥವನ್ನು ಹುಟ್ಟಿಸಿದವು. ಹಳೆಯ ಸಂಸ್ಥೆಯಲ್ಲಿ ಸಂಬಳ, ಸೇವಾನಿಯಮ, ಹಲವು ಜಾತಿಯ ವಿಮಾನ ಇವೆಲ್ಲವೂ ಬೇರೂರಿರುವುದರಿಂದ ಅದರೊಳಗೆ ವೆಚ್ಚವನ್ನು ಇಳಿಸುವುದು ಕಷ್ಟ. ಆದುದರಿಂದ ಬೇರೆ ಹೆಸರು, ಬೇರೆ ನೌಕರರು, ಬೇರೆ ಲೆಕ್ಕಪತ್ರವುಳ್ಳ ಅಂಗವನ್ನು ಹೊರಗೆ ಕಟ್ಟುತ್ತಾರೆ.

ಅಂಗಗಳಲ್ಲಿ ಎರಡು ಬಗೆಯೆಂದು ಶಾಸ್ತ್ರವು ಹೇಳುತ್ತದೆ. ಪ್ರಧಾನಕರ್ಮದ ದ್ರವ್ಯಾದಿಗಳನ್ನು ಮುಟ್ಟಿ ಸಂಸ್ಕರಿಸಿ ಉಪಕರಿಸುವುದು ಸಂನಿಪತ್ಯೋಪಕಾರಕ; ಅವುಗಳನ್ನು ಮುಟ್ಟದೆ ಬೇರೆಯಾಗಿ ನಿಂತು ಫಲಕ್ಕೆ ನೆರವಾಗುವುದು ಆರಾದುಪಕಾರಕ. ಯುರೋಪಿನ ಅಂಗಸಂಸ್ಥೆಗಳಲ್ಲಿಯೂ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ. ಸ್ಪೇನಿನ ಐಬೀರಿಯಾ ಸಂಸ್ಥೆಯು ೨೦೧೨ರಲ್ಲಿ ಹೊರಡಿಸಿದ ಐಬೀರಿಯಾ ಎಕ್ಸ್‌ಪ್ರೆಸ್, ಸಣ್ಣ ದೂರದ ಪ್ರಯಾಣಿಕರನ್ನು ಮ್ಯಾಡ್ರಿಡ್ಡಿಗೆ ತಂದು ತಾಯಿಸಂಸ್ಥೆಯ ದೂರಗಾಮಿ ವಿಮಾನಗಳಿಗೆ ತುಂಬುತ್ತದೆ. ಇದು ಮೊದಲನೆಯ ಬಗೆ. ಬ್ರಿಟಿಷ್ ಏರ್‌ವೇಸ್ ೧೯೯೮ರಲ್ಲಿ ಸ್ಟಾನ್‌ಸ್ಟೆಡ್ ನಿಲ್ದಾಣದಲ್ಲಿ ಸ್ಥಾಪಿಸಿದ ಗೋ ಎಂಬ ಸಂಸ್ಥೆಯು ಹೀಗೆ ಪ್ರಯಾಣಿಕರನ್ನು ಒಪ್ಪಿಸುವುದಕ್ಕಾಗಿ ಇದ್ದುದಲ್ಲ. ಹೊಸ ಸಂಸ್ಥೆಗಳು ಕಬಳಿಸುತ್ತಿದ್ದ ಕ್ಷೇತ್ರದಲ್ಲಿ ತಾನೂ ನಿಲ್ಲುವುದಕ್ಕಾಗಿ ಇದ್ದುದು. ಇದು ಎರಡನೆಯ ಬಗೆ.

ಎರಡನೆಯ ಬಗೆಯ ಅಂಗಗಳ ಆಯುಸ್ಸು ಅಲ್ಪ. ಬ್ರಿಟಿಷ್ ಏರ್‌ವೇಸ್ ಗೋ ಸಂಸ್ಥೆಯನ್ನು ೨೦೦೧ರಲ್ಲಿ ಮಾರಿತು. ಮರುವರ್ಷವೇ ಅದನ್ನು ಎದುರಾಳಿಯಾದ ಈಸಿಜೆಟ್ ಕೊಂಡು ತನ್ನೊಳಗೆ ಕರಗಿಸಿತು. ಡಚ್ಚರ ಕೆ.ಎಲ್.ಎಂ. ಸಂಸ್ಥೆಯ ಬ್ರಿಟನ್ನಿನ ಶಾಖೆಯು ೨೦೦೦ದಲ್ಲಿ ಹೊರಡಿಸಿದ ಬಜ್ ಎಂಬುದು ೨೦೦೩ರಲ್ಲಿ ರಯನ್‌ಏರ್‌ನ ವಶವಾಯಿತು. ಹದಿನಾರು ವರ್ಷಗಳ ತರುವಾಯ, ೨೦೧೯ರಲ್ಲಿ, ಪೋಲೆಂಡಿನಲ್ಲಿದ್ದ ತನ್ನ ಅಂಗಸಂಸ್ಥೆಗೆ ರಯನ್‌ಏರ್ ಅದೇ ಹೆಸರನ್ನಿಟ್ಟಿತು. ಜರ್ಮನಿಯ ಲುಫ್ತಾನ್ಸಾ ತನ್ನ ಅಂಗವಾದ ಜರ್ಮನ್‌ವಿಂಗ್ಸ್ ಸಂಸ್ಥೆಯನ್ನು ೨೦೨೦ರಲ್ಲಿ ನಿಲ್ಲಿಸಿತು. ಅಂಗಿಗೆ ಬೇಡವಾದ ದಿನ ಅಂಗವು ಲಾಭದಲ್ಲಿದೆಯೇ ನಷ್ಟದಲ್ಲಿದೆಯೇ ಎಂಬುದು ಮುಖ್ಯವಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಕೌತುಕವೇನೆಂದರೆ, ಹಳೆಯ ಸಂಸ್ಥೆಗಳ ಅಂಗಗಳನ್ನು ನುಂಗಿದ ಅಲ್ಪವ್ಯಯದ ಸಂಸ್ಥೆಗಳೇ ಈಗ ಬಹು ಅಂಗಗಳುಳ್ಳ ಅಂಗಿಗಳಾಗಿವೆ. ರಯನ್‌ಏರ್ ೨೦೧೮ರಲ್ಲಿ ಆಸ್ಟ್ರಿಯದ ಲೌಡಾ ಸಂಸ್ಥೆಯನ್ನು ಹಿಡಿದು, ೨೦೧೯ರಲ್ಲಿ ಮಾಲ್ಟಾ ಏರ್ ಎಂಬುದನ್ನು ಕಟ್ಟಿತು. ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಡುವುದು ನಿಶ್ಚಯವಾದಾಗ, ಒಕ್ಕೂಟದೊಳಗಣ ಹಕ್ಕು ಕೈತಪ್ಪದಿರಲೆಂದು ಈಸಿಜೆಟ್ ೨೦೧೭ರಲ್ಲಿ ಆಸ್ಟ್ರಿಯದ ವಿಯೆನ್ನಾದಲ್ಲಿ ಒಂದು ಅಂಗವನ್ನು ಸ್ಥಾಪಿಸಿತು. ಇಂಥವು ಪ್ರಯಾಣಿಕನಿಗಾಗಿ ಹುಟ್ಟಿದ ಅಂಗಗಳಲ್ಲ. ಕಾನೂನು, ತೆರಿಗೆ, ನೌಕರರ ಒಪ್ಪಂದ ಇವುಗಳಿಗಾಗಿ ಹುಟ್ಟಿದವು. ಈ ವ್ಯವಸ್ಥೆಯಲ್ಲಿ ನೌಕರರಿಗೆ ಸಂಕಟವೂ ಉಂಟು. ಕಡಿಮೆ ವೆಚ್ಚದ ಅಂಗಕ್ಕೆ ಕೆಲಸವು ಹರಿದರೆ ಅಂಗಿಯಲ್ಲಿ ದುಡಿಯುವವರ ಪಾಲು ಕುಗ್ಗುತ್ತದೆ. ಟ್ರಾನ್ಸಾವಿಯಾ ಎಂಬ ಅಂಗವನ್ನು ಹಿಗ್ಗಿಸುವ ವಿಚಾರವನ್ನು ವಿರೋಧಿಸಿ ಏರ್ ಫ್ರಾನ್ಸ್ ಸಂಸ್ಥೆಯ ಚಾಲಕರು ೨೦೧೪ರ ಸೆಪ್ಟೆಂಬರಿನಲ್ಲಿ ಎರಡು ವಾರ ಮುಷ್ಕರ ಹೂಡಿದ್ದು ಈ ಕಾರಣದಿಂದಲೇ.

೪

ಇನ್ನು ನಮ್ಮ ನಾಡಿಗೆ ಬರೋಣ. ಭಾರತದಲ್ಲಿ ಅಲ್ಪವ್ಯಯದ ವಿಮಾನಯಾನವನ್ನು ಮೊದಲು ನಡೆಸಿದ ಕೀರ್ತಿಯು ಕನ್ನಡಿಗರಿಗೆ ಸಲ್ಲುತ್ತದೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದು, ಸೈನ್ಯದಲ್ಲಿದ್ದು, ಆಮೇಲೆ ಬೇಸಾಯ ಮಾಡಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಏರ್ ಡೆಕ್ಕನ್ ೨೦೦೩ರ ಆಗಸ್ಟ್‌ನಲ್ಲಿ ಹಾರಾಟವನ್ನಾರಂಭಿಸಿತು. ಅದರ ಮೊದಲ ವಿಮಾನಗಳು ಸುಮಾರು ಐವತ್ತು ಆಸನಗಳ ಎ.ಟಿ.ಆರ್. ಜಾತಿಯವು, ದೊಡ್ಡ ಏರ್‌ಬಸ್‌ಗಳು ತರುವಾಯ ಬಂದವು. ಮುಂಚಿತವಾಗಿ ಕೊಂಡವರಿಗೆ ಒಂದು ರೂಪಾಯಿಯ ಮೂಲದರದಲ್ಲಿ ಕೆಲವು ಟಿಕೀಟುಗಳನ್ನು ಕೊಟ್ಟುದರಿಂದ ಆ ಸಂಸ್ಥೆಯ ಹೆಸರು ಮನೆಮಾತಾಯಿತು.

ಪ್ರಕೃತಿಯ ಕ್ರಮದಲ್ಲಿ ಇಲ್ಲಿ ಯಾವುದಕ್ಕೆ ಬಾಧವುಂಟಾಯಿತೆಂಬುದನ್ನು ನೋಡಬೇಕು. ಯುರೋಪಿನಲ್ಲಿ ವಾಣಿಜ್ಯ ವಿಮಾನದ ಇಂಧನಕ್ಕೆ ಬಹುಮಟ್ಟಿಗೆ ತೆರಿಗೆಯಿಲ್ಲ. ಇಲ್ಲಿ ರಾಜ್ಯಗಳು ವಿಧಿಸುವ ಮಾರಾಟತೆರಿಗೆಯು ಕೆಲವೆಡೆ ಶೇಕಡ ೨೫ನ್ನು ಮೀರುತ್ತಿತ್ತು. ಅಲ್ಲಿ ಮಹಾನಗರಗಳ ಹೊರಗೆ ಅಗ್ಗದ ಎರಡನೆಯ ನಿಲ್ದಾಣಗಳಿದ್ದವು. ಇಲ್ಲಿ ಬೆಂಗಳೂರಿಗೂ ಮುಂಬಯಿಗೂ ಅಂಥ ಉಪನಿಲ್ದಾಣವಿರಲಿಲ್ಲ. ಒಂದೇ ಜಾತಿಯ ವಿಮಾನವೆಂಬ ನಿಯಮವೂ ಎ.ಟಿ.ಆರ್. ಮತ್ತು ಏರ್‌ಬಸ್‌ಗಳ ಜೋಡಿಯಿಂದ ಮುರಿಯಿತು. ಹೀಗೆ ವೆಚ್ಚವನ್ನಿಳಿಸುವ ಅನೇಕ ಅಂಶಗಳು ಬಿದ್ದುಹೋದರೂ ದರವನ್ನಿಳಿಸುವ ಅಂಶ ಮಾತ್ರ ಉಳಿಯಿತು. ಕಾರಣವು ಬಾರದೆ ಕಾರ್ಯವು ಬಂದರೆ ಅದು ಬಹುದಿನ ನಿಲ್ಲುವುದಿಲ್ಲ.

೨೦೦೭ರಲ್ಲಿ ಕಿಂಗ್‌ಫಿಶರ್ ಸಂಸ್ಥೆಯವರು ಡೆಕ್ಕನ್ನಿನ ಷೇರುಗಳನ್ನು ಕೊಂಡರು. ಐದು ವರ್ಷ ಒಳನಾಡಿನಲ್ಲಿ ಹಾರಿ, ಇಪ್ಪತ್ತು ವಿಮಾನಗಳನ್ನು ಹೊಂದಿರುವ ಸಂಸ್ಥೆಗೆ ಮಾತ್ರ ವಿದೇಶಕ್ಕೆ ಹಾರುವ ಅನುಮತಿಯೆಂಬ ಕಟ್ಟಳೆಯು ಆಗ ಜಾರಿಯಲ್ಲಿತ್ತು. ಅದು ೨೦೧೬ರಲ್ಲಿ ಬದಲಾಯಿತು. ೨೦೦೫ರಲ್ಲಿ ಹುಟ್ಟಿದ ಕಿಂಗ್‌ಫಿಶರ್‌ಗೆ ಆ ಐದು ವರ್ಷ ತುಂಬುವುದು ೨೦೧೦ರಲ್ಲಿ, ಡೆಕ್ಕನ್‌ಗಾದರೋ ೨೦೦೮ರಲ್ಲಿಯೇ. ೨೦೦೮ರಲ್ಲಿ ಎರಡೂ ಒಂದಾಗಿ, ಅಲ್ಪವ್ಯಯದ ಭಾಗಕ್ಕೆ ಕಿಂಗ್‌ಫಿಶರ್ ರೆಡ್ ಎಂಬ ಹೆಸರಾಯಿತು. ಅದೇ ವರ್ಷ ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಶರ್ ವಿಮಾನವು ಹಾರಿತು. ೨೦೧೧ರಲ್ಲಿ ರೆಡ್ ಎಂಬ ಅಂಗವನ್ನು ಕೈಬಿಡುವ ತೀರ್ಮಾನವು ಹೊರಬಿತ್ತು. ೨೦೧೨ರ ಅಕ್ಟೋಬರಿನಲ್ಲಿ ಅಂಗಿಯೇ ನಿಂತುಹೋಯಿತು. ಸಹಾರಾ ಸಂಸ್ಥೆಯನ್ನು ಕೊಂಡು ಜೆಟ್ ಏರ್‌ವೇಸ್ ೨೦೦೭ರಲ್ಲಿ ಮಾಡಿದ ಜೆಟ್‌ಲೈಟ್ ಎಂಬ ಅಂಗವೂ ೨೦೧೯ರ ಏಪ್ರಿಲ್‌ನಲ್ಲಿ ಅಂಗಿಯೊಡನೆಯೇ ಅಸ್ತವಾಯಿತು.

ಸರಕಾರದ ಸಂಸ್ಥೆಗಳಲ್ಲಿಯೂ ಅಂಗಾಂಗಿಭಾವವಿತ್ತು. ಇಂಡಿಯನ್ ಏರ್‌ಲೈನ್ಸ್ ೧೯೯೬ರಲ್ಲಿ ಅಲಯನ್ಸ್ ಏರ್ ಎಂಬುದನ್ನೂ, ಏರ್ ಇಂಡಿಯಾ ೨೦೦೫ರಲ್ಲಿ ಕೊಲ್ಲಿ ದೇಶಗಳ ಪ್ರಯಾಣಿಕರಿಗಾಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎಂಬುದನ್ನೂ ಹೊರಡಿಸಿದವು. ೨೦೨೨ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ವಶಕ್ಕೆ ಹೋದಾಗ ಎಕ್ಸ್‌ಪ್ರೆಸ್ ಅದರೊಡನೆ ಹೋಯಿತು. ೨೦೧೪ರಲ್ಲಿ ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡು ಹೊರಟಿದ್ದ ಏರ್‌ಏಷ್ಯಾ ಇಂಡಿಯಾ ೨೦೨೪ರ ಅಕ್ಟೋಬರಿನಲ್ಲಿ ಅದರೊಳಗೆ ಸೇರಿತು. ಅಲಯನ್ಸ್ ಏರ್ ಮಾತ್ರ ಮಾರಾಟಕ್ಕೆ ಸೇರದೆ ಸರಕಾರದ ಕೈಯಲ್ಲಿಯೇ ಉಳಿಯಿತು. ಅಂಗಿಯು ಪರಾಧೀನವಾಗಿ, ಅಂಗವು ಅನಾಥವಾಗಿ ನಿಂತ ಈ ಪ್ರಸಂಗವು ಶಾಸ್ತ್ರಕಾರರಿಗೂ ವಿಚಾರಯೋಗ್ಯವೆನಿಸುವಂಥದು. ಬೆಳಗಾವಿಯ ಕಥೆಗೆ ಈ ಸಂಸ್ಥೆಯು ನೇರವಾಗಿ ಸಂಬಂಧಪಟ್ಟಿದೆ.

೫

ಬೆಳಗಾವಿಯ ವಿಮಾನಸ್ಥಳವು ಊರಿನ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದ ಸಾಂಬ್ರಾ ಗ್ರಾಮದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಬ್ರಿಟಿಷರ ವಾಯುಪಡೆಯು ಅದನ್ನು ನಿರ್ಮಿಸಿತು. ಭಾರತೀಯ ವಾಯುಪಡೆಯ ಶಿಕ್ಷಣಕೇಂದ್ರವು ಈಗಲೂ ಅಲ್ಲಿದೆ. ಹೀಗೆ ಅದರ ಹುಟ್ಟೇ ಪರಾರ್ಥವಾದದ್ದು. ರನ್‌ವೇಯನ್ನು ೨೩೦೦ ಮೀಟರಿಗೆ ಉದ್ದಗೊಳಿಸಿ, ಹೊಸ ಕಟ್ಟಡವನ್ನು ೨೦೧೭ರ ಸೆಪ್ಟೆಂಬರಿನಲ್ಲಿ ತೆರೆದ ಮೇಲೆ ದೊಡ್ಡ ವಿಮಾನಗಳಿಗೂ ಅನುಕೂಲವಾಯಿತು. ಇಷ್ಟಾದರೂ ಮರುವರ್ಷವೇ, ಇಲ್ಲಿಂದ ಹಾರುತ್ತಿದ್ದ ಅಲ್ಪವ್ಯಯದ ಸ್ಪೈಸ್‌ಜೆಟ್ ಸಂಸ್ಥೆಯು ತನ್ನ ಹಾರಾಟಗಳನ್ನು ಹುಬ್ಬಳ್ಳಿಗೆ ಸಾಗಿಸಿತು. ರನ್‌ವೇಯೂ ಕಟ್ಟಡವೂ ಇದ್ದಲ್ಲೇ ಇದ್ದವು, ಬದಲಾದದ್ದು ಬೇರೆ.

ಬದಲಾದದ್ದು ಉಡಾನ್ ಎಂದು ಪ್ರಸಿದ್ಧವಾದ ಪ್ರಾದೇಶಿಕ ಸಂಪರ್ಕ ಯೋಜನೆ. ೨೦೧೬ರ ಅಕ್ಟೋಬರಿನಲ್ಲಿ ಪ್ರಕಟವಾದ ಈ ಯೋಜನೆಯ ಮೊದಲ ಹಾರಾಟವು ೨೦೧೭ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಮಾರ್ಗದಲ್ಲಿ ಅಲಯನ್ಸ್ ಏರ್‌ನಿಂದಲೇ ನಡೆಯಿತು. ಇದರ ಕ್ರಮವು ಹೀಗೆ: ಸುಮಾರು ಐನೂರು ಕಿಲೋಮೀಟರಿನ, ಒಂದು ಗಂಟೆಯ ಹಾರಾಟಕ್ಕೆ ಮೊದಲ ಕಟ್ಟಳೆಯಂತೆ ೨೫೦೦ ರೂಪಾಯಿಯ ಮಿತಿ, ಈ ದರವು ವಿಮಾನದ ಸುಮಾರು ಅರ್ಧ ಆಸನಗಳಿಗೆ ಮಾತ್ರ, ಆ ಆಸನಗಳಲ್ಲಿ ಸಂಸ್ಥೆಗಾಗುವ ಕೊರತೆಯನ್ನು ಮೂರು ವರ್ಷ ಸಹಾಯಧನದಿಂದ ತುಂಬಿಕೊಡುವುದು, ಆ ಮೂರು ವರ್ಷ ಅದೇ ಮಾರ್ಗವನ್ನು ಬೇರೆಯವರಿಗೆ ಕೊಡದಿರುವುದು, ಇಂಧನದ ಮೇಲಿನ ರಾಜ್ಯತೆರಿಗೆಯನ್ನು ಶೇಕಡ ಒಂದಕ್ಕೆ ಇಳಿಸುವುದು. ಸಹಾಯಧನದ ಮೊತ್ತವು ಮುಖ್ಯಮಾರ್ಗಗಳ ವಿಮಾನಗಳ ಮೇಲೆ ವಿಧಿಸಿದ ಕರದಿಂದ ಕೂಡುತ್ತದೆ. ಶೇಕಡ ೨೦ರ ಪಾಲನ್ನು ಆಯಾ ರಾಜ್ಯವು ಕೊಡುತ್ತದೆ. ೨೦೧೮ರ ಆದಿಯಲ್ಲಿ ಹುಬ್ಬಳ್ಳಿಯು ಈ ಯೋಜನೆಗೆ ಸೇರಿತು, ಬೆಳಗಾವಿ ಸೇರಿರಲಿಲ್ಲ. ವಿಮಾನವು ಹೋದುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಅನಂತರ ಅದೇ ೨೦೧೮ರಲ್ಲಿ ಅಲಯನ್ಸ್ ಏರ್ ಬೆಂಗಳೂರಿನಿಂದ ಬೆಳಗಾವಿಗೆ ಬಂದಿತು. ೨೦೧೯ರ ಆದಿಯಲ್ಲಿ ಬೆಳಗಾವಿಯು ಯೋಜನೆಯ ಮೂರನೆಯ ಸುತ್ತಿನಲ್ಲಿ ಸೇರಿದ ಮೇಲೆ ಮಾರ್ಗಗಳು ಹೆಚ್ಚಿದವು. ಕೊಲ್ಹಾಪುರ ಪ್ರಾಂತದ ಸಂಜಯ ಘೋಡಾವತ್ ಸಮೂಹಕ್ಕೆ ಸೇರಿದ ಸ್ಟಾರ್ ಏ‌ರ್, ೫೦ ಆಸನಗಳ ಎಂಬ್ರೇಯರ್ ವಿಮಾನಗಳಿಂದ ಅಹಮದಾಬಾದ್, ಮುಂಬಯಿ, ಇಂದೂರು, ಸೂರತ್, ನಾಗಪುರ, ಜೋಧಪುರ ಮೊದಲಾದ ಊರುಗಳಿಗೆ ಇಲ್ಲಿಂದ ಹಾರಾಟಗಳನ್ನು ನಡೆಸಿತು. ಹೈದರಾಬಾದಿನ ಟ್ರೂಜೆಟ್ ಸಂಸ್ಥೆಯೂ ಬಂದಿತ್ತು. ೨೦೨೨ರಲ್ಲಿ ಅದು ಹಾರಾಟವನ್ನೇ ನಿಲ್ಲಿಸಿತು. ಇಲ್ಲಿ ಊಹವನ್ನೂ ಗಮನಿಸಬೇಕು. ಪ್ರಕೃತಿಯಲ್ಲಿ ಆಸನಗಳು ಹೆಚ್ಚಿದಷ್ಟೂ ಲಾಭ. ಆದರೆ ಇಲ್ಲಿ ೮೦ಕ್ಕಿಂತ ಕಡಿಮೆ ಆಸನಗಳ ವಿಮಾನಕ್ಕೆ ಸರಕಾರಿ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕದಿಂದ ವಿನಾಯಿತಿಯಿರುವುದರಿಂದ ಸಣ್ಣ ವಿಮಾನವೇ ಹೊಂದುತ್ತದೆ. ಆಸನಕ್ಕೆ ತಗಲುವ ನಿಜವಾದ ವೆಚ್ಚವು ಸಣ್ಣ ವಿಮಾನದಲ್ಲಿ ಹೆಚ್ಚು. ಹಾಗಿರಲು ಇದು ಅಲ್ಪವ್ಯಯದ ಯಾನವಲ್ಲ. ಅನ್ಯರ ನೆರವಿನಿಂದ ಅಲ್ಪಮೂಲ್ಯವಾದ ಯಾನ.

ಇಂಥ ಯಾನದ ಸ್ಥೈರ್ಯವೆಷ್ಟು? ಮಹಾಲೇಖಪಾಲರು ೨೦೨೩ರಲ್ಲಿ ಸಂಸತ್ತಿಗೆ ಒಪ್ಪಿಸಿದ ವರದಿಯಲ್ಲಿ ಉತ್ತರವಿದೆ. ಮೂರನೆಯ ಸುತ್ತಿನವರೆಗೆ ಹಂಚಿದ ೭೭೪ ಮಾರ್ಗಗಳಲ್ಲಿ ೪೦೩ ಆರಂಭವಾಗಲೇ ಇಲ್ಲ. ಆರಂಭವಾದ ೩೭೧ರಲ್ಲಿ ಮೂರು ವರ್ಷದ ಅವಧಿಯನ್ನು ಮುಗಿಸಿದವು ೧೧೨. ಸಹಾಯಧನವು ನಿಂತ ಮೇಲೆಯೂ ೨೦೨೩ರ ಮಾರ್ಚಿನಲ್ಲಿ ಉಳಿದಿದ್ದವು ೫೪. ಹಂಚಿದವುಗಳಲ್ಲಿ ಇದು ನೂರಕ್ಕೆ ಏಳರ ಪ್ರಮಾಣ.

ಯುರೋಪಿನಲ್ಲಿಯೂ ಇದಕ್ಕೆ ಸಮಾನವಾದ ಉದಾಹರಣೆಗಳುಂಟು. ಬೆಲ್ಜಿಯಮ್ಮಿನ ಶಾರ್ಲೆರುವಾ ಎಂಬ ಊರಿಗೆ ರಯನ್‌ಏರ್ ೨೦೦೧ರಲ್ಲಿ ತನ್ನ ನೆಲೆಯನ್ನು ತಂದಾಗ, ಅಲ್ಲಿನ ಪ್ರಾಂತಸರಕಾರವು ಇಳಿಯುವ ಶುಲ್ಕವನ್ನು ಬಹಳವಾಗಿ ತಗ್ಗಿಸಿತು. ಯುರೋಪಿನ ಆಯೋಗವು ೨೦೦೪ರಲ್ಲಿ ಅದರ ಒಂದು ಭಾಗವನ್ನು ಅಕ್ರಮವೆಂದಿತು. ನ್ಯಾಯಾಲಯವು ೨೦೦೮ರಲ್ಲಿ ಆ ನಿರ್ಣಯವನ್ನು ರದ್ದುಪಡಿಸಿತು. ಸಾಂಬ್ರಾದಂತೆಯೇ ಸೈನ್ಯದ ವಿಮಾನಸ್ಥಳವಾಗಿದ್ದು, ಫ್ರಾಂಕ್‌ಫರ್ಟ್ ನಗರದಿಂದ ಸುಮಾರು ೧೨೦ ಕಿಲೋಮೀಟರ್ ದೂರದಲ್ಲಿದ್ದರೂ ಆ ನಗರದ ಹೆಸರನ್ನು ಹೊತ್ತ ಹಾನ್ ನಿಲ್ದಾಣಕ್ಕೆ ಅದೇ ಸಂಸ್ಥೆಯು ೧೯೯೯ರಿಂದ ಹಾರಿತು. ಆ ನಿಲ್ದಾಣವನ್ನು ನಡೆಸುತ್ತಿದ್ದ ಕಂಪನಿಯು ೨೦೨೧ರಲ್ಲಿ ದಿವಾಳಿಯ ಅರ್ಜಿ ಹಾಕಿತು.

೬

ಈಗ ಖಾನಾಪುರದ ಕಡೆಯಿಂದ ನೋಡೋಣ. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು ೨೬ ಕಿಲೋಮೀಟರ್ ದೂರದಲ್ಲಿ, ಮಲಪ್ರಭೆಯ ದಂಡೆಯಲ್ಲಿರುವ ಈ ತಾಲೂಕಿನ ಊರಿಗೆ ಸ್ವಂತ ವಿಮಾನಸ್ಥಳವಿಲ್ಲ. ಕದಂಬರ ಪಲಾಶಿಕೆಯಾದ ಹಲಸಿಯೂ, ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡವೂ ಈ ತಾಲೂಕಿನಲ್ಲಿವೆ. ಇಲ್ಲಿಯವರಿಗೆ ಸಾಂಬ್ರಾ ಹತ್ತಿರದ ನಿಲ್ದಾಣ. ಹುಬ್ಬಳ್ಳಿಯೂ, ಘಟ್ಟದ ಕೆಳಗೆ ಗೋವೆಯ ದಾಬೋಳಿ ಮತ್ತು ೨೦೨೩ರ ಜನವರಿಯಲ್ಲಿ ಹಾರಾಟಗಳು ಮೊದಲಾದ ಮೋಪಾ ಎಂಬೆರಡೂ ಸುಮಾರು ನೂರು ಕಿಲೋಮೀಟರ್ ಅಥವಾ ಅದಕ್ಕೂ ದೂರ. ವಿಮಾನಸಂಸ್ಥೆಯ ಕಣ್ಣಿಗೆ ಈ ನಾಲ್ಕು ನಿಲ್ದಾಣಗಳೂ ಒಂದೇ ಪ್ರದೇಶದ ಪ್ರಯಾಣಿಕರನ್ನು ಸೆಳೆಯುವ ನಾಲ್ಕು ಬಾಗಿಲುಗಳು. ಯಾವುದರಲ್ಲಿ ವೆಚ್ಚ ಕಡಿಮೆಯೋ, ನೆರವು ಹೆಚ್ಚೋ ಅದರಲ್ಲಿ ಇಳಿಯುತ್ತದೆ. ಲೋಂಡೆಯ ಒಬ್ಬ ರೋಗಿಗಾಗಲಿ ನಂದಗಡದ ಒಬ್ಬ ವಿದ್ಯಾರ್ಥಿಗಾಗಲಿ ಸಾಂಬ್ರಾದ ಹಾರಾಟವು ನಿಂತರೆ, ಟಿಕೀಟಿನ ದರವು ಹೆಚ್ಚದಿದ್ದರೂ ದಾರಿಯ ಖರ್ಚೂ ಒಂದು ದಿನವೂ ಹೆಚ್ಚುತ್ತವೆ.

ಪೂರ್ವಪಕ್ಷವು ಹೀಗೆ ಹೇಳಬಹುದು: ಹಿಂದುಳಿದ ಪ್ರಾಂತಕ್ಕೆ ಯಾವ ಸಾರಿಗೆಯೂ ಸರಕಾರದ ಆಸರೆಯಿಲ್ಲದೆ ಬಂದಿಲ್ಲ. ಖಾನಾಪುರದ ತಾಲೂಕಿನ ಲೋಂಡೆಯನ್ನು ಕೂಡುದಾಣವನ್ನಾಗಿ ಮಾಡಿದ ಸದರ್ನ್ ಮರಾಠಾ ರೈಲ್ವೆಯು ೧೮೭೬–೭೮ರ ಮಹಾಕ್ಷಾಮದ ತರುವಾಯ ೧೮೮೨ರಲ್ಲಿ ಹುಟ್ಟಿದ್ದು, ಷೇರುದಾರರಿಗೆ ಬಡ್ಡಿಯ ಭರವಸೆಯನ್ನು ಸರಕಾರವು ಕೊಟ್ಟುದರಿಂದಲ್ಲವೇ? ವಿಮಾನಕ್ಕೂ ಹಾಗೆಯೇ ಕೊಟ್ಟರೆ ದೋಷವೇನು?

ದೋಷವಿಲ್ಲ, ಆದರೆ ಭೇದವಿದೆ. ರೈಲಿಗೆ ಕೊಟ್ಟ ಹಣವು ಕಂಬಿಯಾಗಿ, ಸೇತುವೆಯಾಗಿ, ನೆಲದಲ್ಲಿ ನಟ್ಟಿತು. ಕಂಪನಿಯು ೧೯೦೮ರಲ್ಲಿ ಇನ್ನೊಂದರೊಡನೆ ಕೂಡಿ ಹೆಸರನ್ನು ಕಳೆದುಕೊಂಡರೂ ಲೋಂಡೆಯಿಂದ ಕಂಬಿಯು ಎದ್ದುಹೋಗಲಿಲ್ಲ. ವಿಮಾನಕ್ಕೆ ಕೊಟ್ಟ ಹಣವು ಆಸನದಲ್ಲಿ ನಟ್ಟಿರುತ್ತದೆ, ಆಸನವು ಹಾರಿಹೋಗುತ್ತದೆ.

ಶಾಸ್ತ್ರದಲ್ಲಿ ಪ್ರಯೋಜಕವೆಂದೂ ಪ್ರಸಂಗವೆಂದೂ ಎರಡು ಮಾತುಗಳಿವೆ. ಯಾವುದಕ್ಕಾಗಿ ಕರ್ಮವನ್ನು ಮಾಡಲಾಗುತ್ತದೆಯೋ ಅದು ಪ್ರಯೋಜಕ. ಬೇರೊಂದಕ್ಕಾಗಿ ಮಾಡಿದ್ದು ತನಗೂ ಒದಗಿದರೆ ಅದು ಪ್ರಸಂಗ. ಉಪ್ಪರಿಗೆಯಲ್ಲಿ ಹಚ್ಚಿದ ದೀಪವು ಕೆಳಗಿನ ರಾಜಬೀದಿಗೂ ಬೆಳಕು ಕೊಡುವುದು ಅದಕ್ಕೆ ಪ್ರಸಿದ್ಧ ದೃಷ್ಟಾಂತ. ಸಾಂಬ್ರಾದ ಅನೇಕ ಹಾರಾಟಗಳಲ್ಲಿ ಬೆಳಗಾವಿಯು ಪ್ರಯೋಜಕವಲ್ಲ. ಅದಕ್ಕೆ ಒದಗಿದ್ದು ಪ್ರಸಂಗ. ದೀಪವನ್ನು ಹಚ್ಚಿದ್ದು ಯೋಜನೆ; ಎಣ್ಣೆಯ ಅವಧಿ ಮೂರು ವರ್ಷ. ಆದುದರಿಂದ ದೀಪವಾರಿದಾಗ ಸಂಸ್ಥೆಯನ್ನು ಕೃತಘ್ನವೆಂದು ದೂರುವುದು ನ್ಯಾಯವಲ್ಲ. ಅಂಗವು ಅಂಗಿಯನ್ನನುಸರಿಸುವುದು ಅದರ ಸ್ವಭಾವ.

ಸಿದ್ಧಾಂತವೇನೆಂದರೆ, ಪ್ರಸಂಗದಿಂದ ದೊರೆತ ಈ ಅವಧಿಯೊಳಗೆ ಊರು ತಾನೇ ಪ್ರಯೋಜಕವಾಗಬೇಕು. ಅದಕ್ಕೆ ಬೇಕಾದ ಸಾಮಗ್ರಿಯು ಬೆಳಗಾವಿಯಲ್ಲಿ ಇಲ್ಲದಿಲ್ಲ. ಎರಕದ ಕಾರ್ಖಾನೆಗಳು, ದೊಡ್ಡ ಆಸ್ಪತ್ರೆಗಳು, ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಮರಾಠಾ ಲಘುಪದಾತಿದಳದ ಕೇಂದ್ರ, ೨೦೧೨ರಲ್ಲಿ ತೆರೆದ ಸುವರ್ಣ ವಿಧಾನಸೌಧ ಇವೆಲ್ಲವೂ ಪ್ರಯಾಣಿಕರನ್ನು ಹುಟ್ಟಿಸುವ ಸ್ಥಾನಗಳು. ಇವುಗಳಲ್ಲಿ ವರ್ಷವೆಲ್ಲ ಪ್ರಯಾಣಿಕರನ್ನು ಕೊಡುವವು ಯಾವುವು, ಅಧಿವೇಶನದಂತೆ ಕೆಲವೇ ದಿನ ಕೊಡುವವು ಯಾವುವು ಎಂಬುದನ್ನು ಮೊದಲು ಎಣಿಸಿ ನೋಡಬೇಕು. ಸಹಾಯಧನವಿಲ್ಲದ ದರದಲ್ಲಿಯೂ ಹಾರುವವರು ದಿನಕ್ಕೆ ಎಷ್ಟು ಜನವೆಂಬ ಆ ಒಂದು ಸಂಖ್ಯೆಯೇ ಊರಿನ ನಿಜವಾದ ರನ್‌ವೇ. ಹೊಸ ಮಾರ್ಗವು ಮಂಜೂರಾದಾಗ ಹಾರ ತುರಾಯಿಗಳೊಡನೆ ಸ್ವಾಗತಿಸುವವರು, ನಾಲ್ಕನೆಯ ವರ್ಷದಲ್ಲಿ ಇದನ್ನು ಹಾರಿಸುವವರು ಯಾರು ಎಂಬ ಪ್ರಶ್ನೆಯನ್ನು ಮೊದಲನೆಯ ದಿನವೇ ಕೇಳುವುದು ಒಳ್ಳೆಯದು. ನಿಲ್ದಾಣವನ್ನು ಊರಿನಾಚೆಯ ಹಳ್ಳಿಗಳಿಗೆ ಜೋಡಿಸುವ ರಸ್ತೆಸಾರಿಗೆಯೂ ಈ ಲೆಕ್ಕಕ್ಕೆ ಸೇರಬೇಕು. ಖಾನಾಪುರದವನು ಊರನ್ನು ದಾಟಿ ಸಾಂಬ್ರಾ ಮುಟ್ಟುವಷ್ಟರಲ್ಲಿ ಬೇಸತ್ತರೆ, ಅವನು ಆ ಸಂಖ್ಯೆಯಿಂದ ಕಳೆದುಹೋದಂತೆಯೇ.

ಕೊನೆಯದಾಗಿ ಶಬ್ದದ ಮಾತು. ‘ಅಲ್ಪವ್ಯಯ’ ಮತ್ತು ‘ಅಲ್ಪಮೂಲ್ಯ’ ಎಂಬೆರಡನ್ನು ಬೇರೆ ಬೇರೆಯಾಗಿಯೇ ಬಳಸುವುದು ಯುಕ್ತವೆಂದು ತೋರುತ್ತದೆ. ಮೊದಲನೆಯದು ಸಂಸ್ಥೆಯ ಗುಣವನ್ನು ಹೇಳುತ್ತದೆ; ಎರಡನೆಯದು ಟಿಕೀಟಿನ ಅವಸ್ಥೆಯನ್ನು ಮಾತ್ರ. ‘ಅಗ್ಗ’ ಎಂಬ ಒಂದೇ ಮಾತಿನಿಂದ ಎರಡನ್ನೂ ಕರೆಯುತ್ತಿರುವಷ್ಟು ಕಾಲವೂ, ಗುಣವನ್ನು ಕಂಡೆವೆಂದು ಸಂತೋಷಪಟ್ಟ ಊರುಗಳು ಅವಸ್ಥೆಯು ಕಳೆದಾಗ ದುಃಖಪಡುತ್ತಲೇ ಇರುವುವು. ವಿದ್ಯಾರ್ಥಿಗಳಿಗೆ ಶಬ್ದಾರ್ಥಗಳನ್ನು ತಿಳಿಸುವ ಅಧ್ಯಾಪಕರು ಈ ಭೇದವನ್ನು ಬೋಧಿಸಿದರೆ, ಅದು ಭಾಷೆಗೂ ಪ್ರಾಂತಕ್ಕೂ ಹಿತವಾದೀತು.